ಜ್ವರ ಹುಳುವಿಗೋ, ಮನುಷ್ಯರಿಗೋ?

ಬೆಳಗಿನ ಐದೂಕಾಲು. ದಿಬ್ಬೂರಹಳ್ಳಿ ದಾಟಿ ಒಳಕ್ಕೆ ತಿರುಗುವ ರಸ್ತೆಯ ಕೊನೆಯ ಊರಿನಲ್ಲಿ ಆವುಲಪ್ಪ ಒಂದು ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದಾರೆ. ಕೈಯಲ್ಲಿ ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ, ಬಾಯಲ್ಲಿ ಟಾರ್ಚು. ಹೀಗಾಗಿ ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆಚೆ ಬೀದಿಯಲ್ಲಿ ಯಾರದೋ ಬಿಂದಿಗೆಗೆ ನೀರು ಬಿದ್ದ ಸದ್ದು ಕೇಳಿದ ಮೇಲಷ್ಟೇ ಅವರು ಟಾರ್ಚು ತೆಗೆದು, "ಈಗ ಕೇಳಿ ಸಾರ್" ಎನ್ನುತ್ತಾರೆ.

ಆವುಲಪ್ಪ ಗ್ರಾಮ ಪಂಚಾಯಿತಿಯ ನೀರುಗಂಟಿ. ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ. ಎರಡು ಕೊಳವೆಬಾವಿ, ಹನ್ನೊಂದು ವಾಲ್ವು, ಇನ್ನೂರ ಹದಿನಾಲ್ಕು ನಲ್ಲಿ. ಬೀದಿಗೆ ಅರ್ಧ ಗಂಟೆಯಂತೆ ನೀರು ಬಿಟ್ಟು ಮುಗಿಸುವಷ್ಟರಲ್ಲಿ ಹೊತ್ತು ಹತ್ತು ಗಂಟೆ ಮೀರಿರುತ್ತದೆ. ಹಬ್ಬ, ಮದುವೆ, ಮೈಗೆ ಹುಷಾರಿಲ್ಲದ ದಿನ, ಯಾವುದಕ್ಕೂ ರಜೆಯಿಲ್ಲ. ಒಮ್ಮೆ ಕಾಲು ಉಳುಕಿದಾಗ ಹೆಂಡತಿಯ ಹೆಗಲು ಹಿಡಿದುಕೊಂಡೇ ಹನ್ನೊಂದೂ ವಾಲ್ವು ಸುತ್ತಿದ್ದರಂತೆ.

"ನೀರು ಬಂದ ದಿನ ಯಾರಿಗೂ ನನ್ನ ಹೆಸರು ನೆನಪಾಗಲ್ಲ ಸಾರ್. ಬರದಿದ್ರೆ ನನ್ನ ಹೆಸರೂ ಬರ್ತದೆ, ನಮ್ಮಪ್ಪನ ಹೆಸರೂ ಬರ್ತದೆ."

ಇವರ ವಿಷಯ ಬರೆಯಿರಿ ಎಂದು ನನಗೆ ಹೇಳಿಕಳಿಸಿದವರು ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಅಪೇಕ್ಷಾ. ಕಾರವಾರದ ಕಡೆಯವರು. ಊರಿನ ಹೆಸರು ಮಾತ್ರ ಹಾಕಬೇಡಿ ಎಂದು ಕೇಳಿಕೊಂಡರು. ಯಾಕೆಂದರೆ ಕಥೆಯಲ್ಲಿ ಎಡವಿದವರು ಅವರೇ. ಅದನ್ನು ಮುಚ್ಚಿಡದೆ, ನಗುತ್ತಲೇ ಹೇಳಿದರು.

ಹೋದ ವರ್ಷ ಮಳೆಗಾಲದಲ್ಲಿ ಸುತ್ತಮುತ್ತ ಡೆಂಗಿ ಹಬ್ಬಿತ್ತು. ಅಪೇಕ್ಷಾ ಕೆಲಸಕ್ಕೆ ಬಂದು ಆಗಿನ್ನೂ ಒಂದು ವಾರ. ಪುಸ್ತಕ ಹಿಡಿದು ಮನೆಮನೆಗೆ ಹೋಗಿ, ಜ್ವರ ಇದೆಯೇ ಎಂದು ತಾವೇ ವಿಚಾರಿಸಿದರು. ಎಷ್ಟೋ ಮನೆಯವರು ಸಂತೋಷದಿಂದ ಇದೆ ಎಂದರು! ಒಬ್ಬರದು ಎರಡನೇ ಜ್ವರ, ಇನ್ನೊಬ್ಬರದು ಮೂರನೇದು. ಲಕ್ಷ್ಮೀನರಸಮ್ಮ ಎಂಬ ಅಜ್ಜಿಯಂತೂ ಸೊಪ್ಪು ಕತ್ತರಿಸುತ್ತಲೇ, "ನಾಕನೇ ಜ್ವರ ಮೇಡಂ, ನಾಳೆ ಬೆಳಗ್ಗೆ ಏಳ್ತದೆ" ಎಂದು ಹೇಳಿ ಕಳಿಸಿದರು. ಅಪೇಕ್ಷಾ ಗಾಬರಿಯಿಂದ 'ಮರುಕಳಿಸುವ ಜ್ವರ' ಎಂದು ಬರೆದುಕೊಂಡರು. ಸಂಜೆಗೆ ಇಪ್ಪತ್ತಮೂರು ಮನೆಗಳ ಪಟ್ಟಿಯಾಯಿತು. ಮರುದಿನ ಬೆಳಗ್ಗೆಯೇ ಊರಿಗೆಲ್ಲ ಸೊಳ್ಳೆ ಹೊಗೆ ಹಾಕಿಸಬೇಕೆಂದು ಯಂತ್ರ ತರಿಸಿದರು.

ಶಿಡ್ಲಘಟ್ಟದ ಸೀಮೆಯಲ್ಲಿ ಹುಟ್ಟಿದವರು ಈಗಾಗಲೇ ನಗುತ್ತಿರುತ್ತಾರೆ. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಚರ್ಮ ಕಳಚುತ್ತದೆ. ಆಗ ಹಿಪ್ಪುನೇರಳೆ ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಅದನ್ನೇ ಇಲ್ಲಿ ಜ್ವರ ಎನ್ನುವುದು; ಅದು ಮುಗಿದು ಮತ್ತೆ ಸೊಪ್ಪು ತಿನ್ನತೊಡಗಿದರೆ ಹುಳು ಎದ್ದಿತು ಎನ್ನುತ್ತಾರೆ. ಪುಸ್ತಕ ಹಿಡಿದು ಬಂದು ಜ್ವರ ಕೇಳುವವರು ಇಲ್ಲಿ ರೇಷ್ಮೆ ಇಲಾಖೆಯವರೇ. ಕೇಳಿದ್ದಕ್ಕೆ ಜನ ಸರಿಯಾಗಿಯೇ ಉತ್ತರ ಕೊಟ್ಟಿದ್ದರು. ಆದರೆ ಆ ಹೊಗೆ ಹುಳುಮನೆಗೆ ನುಗ್ಗಿದ್ದರೆ ಒಂದು ಹುಳುವೂ ಉಳಿಯುತ್ತಿರಲಿಲ್ಲ.

ಬೆಳಗ್ಗೆ ವಾಲ್ವ್ ಗುಂಡಿಯಲ್ಲಿದ್ದ ಆವುಲಪ್ಪನಿಗೆ ಯಂತ್ರ ಕಂಡಿತು. ಕೀಲಿಯನ್ನು ಅಲ್ಲೇ ಬಿಟ್ಟು ಓಡಿ ಯಂತ್ರದ ಮುಂದೆ ಕೈ ಅಡ್ಡ ಹಿಡಿದು ನಿಂತರು. ಅಪೇಕ್ಷಾ ಬಂದು ಪಟ್ಟಿ ತೋರಿಸಿದರು. ಅದನ್ನು ಓದಿ, ಇದು ಹುಳುವಿನ ಜ್ವರ ಎಂದು ಆವುಲಪ್ಪ ಬಿಡಿಸಿ ಹೇಳಿದ ಮೇಲೆ ಸುತ್ತ ನೆರೆದವರೆಲ್ಲ ನಕ್ಕರು. ಅಪೇಕ್ಷಾ ನಾಚಿಕೆಯಿಂದ ಪಟ್ಟಿ ಹರಿಯಲು ಹೋದರು.

ಆವುಲಪ್ಪ ಮಾತ್ರ ನಗಲಿಲ್ಲ, ಹರಿಯಲೂ ಬಿಡಲಿಲ್ಲ. ಮೂರು ದಿನಗಳಿಂದ ಒಂದು ವಿಷಯ ಅವರ ಮನಸ್ಸನ್ನು ಕೊರೆಯುತ್ತಿತ್ತು. ಪಟ್ಟಿಯಲ್ಲಿದ್ದ ಲಕ್ಷ್ಮೀನರಸಮ್ಮನ ನಲ್ಲಿಗೆ ದಿನಾ ಬಿಂದಿಗೆ ತರುತ್ತಿದ್ದವಳು ಮೊಮ್ಮಗಳು ತನುಶ್ರೀ. ಮೂರು ದಿನಗಳಿಂದ ಅಜ್ಜಿಯೇ ಬರುತ್ತಿದ್ದರು. ಆವುಲಪ್ಪ ನೇರವಾಗಿ ಆ ಮನೆಯ ಬಾಗಿಲಿಗೆ ಹೋಗಿ, ಊರಿನವರು ಮನೆಯೊಳಗೆ ಆಡುವ ತೆಲುಗಿನಲ್ಲೇ ಕೇಳಿದರು: "ಅಕ್ಕಾ, ಜ್ವರಂ ಪುರುಗುಲಕಾ, ಮನುಷುಲಕಾ?" ಹುಳುಗಳಿಗೋ, ಮನುಷ್ಯರಿಗೋ?

ಲಕ್ಷ್ಮೀನರಸಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟರು. "ಎರಡಕ್ಕೂ ಕಣಣ್ಣ" ಎಂದರು.

ಒಳಗೆ ಹುಡುಗಿ ಕೆಂಡದಂಥ ಮೈಯಲ್ಲಿ ಮಲಗಿದ್ದಳು. ಶೀತದ ಜ್ವರವಿರಬೇಕು, ಹುಳು ಎದ್ದ ಮೇಲೆ ಡಾಕ್ಟರ ಹತ್ತಿರ ಹೋದರಾಯಿತು ಎಂದುಕೊಂಡಿದ್ದರು ಅಜ್ಜಿ. ಹೊಗೆಯಂತ್ರ ತಂದಿದ್ದ ಆಟೋದಲ್ಲೇ, ಯಂತ್ರ ಕೆಳಗಿಳಿಸಿ, ತನುಶ್ರೀಯನ್ನು ಆಸ್ಪತ್ರೆಗೆ ಕರೆದೊಯ್ದರು. ಡೆಂಗಿಯೇ. ಇನ್ನೊಂದು ದಿನ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರಂತೆ ಡಾಕ್ಟರು. ಅಜ್ಜಿ ಆಸ್ಪತ್ರೆಯಲ್ಲಿದ್ದ ಆರು ದಿನ ಅವರ ಹುಳುವಿಗೆ ಸೊಪ್ಪು ಹಾಕಿದವರು ನೆರೆಮನೆಯವರು. ಆ ಆರು ದಿನಗಳಲ್ಲಿ ನಲ್ಲಿಗುಂಡಿ, ಹಳೇ ಟೈರು, ಒಡೆದ ತೊಟ್ಟಿ, ಎಲ್ಲೆಲ್ಲಿ ನೀರು ನಿಲ್ಲುತ್ತದೆಂದು ಆವುಲಪ್ಪ ತೋರಿಸಿದರು, ಅಪೇಕ್ಷಾ ಮುಂದೆ ನಿಂತು ಬರಿದು ಮಾಡಿಸಿದರು. ಹೊಗೆ ಬೇಕಾಗಲಿಲ್ಲ.

"ಆ ಪಟ್ಟಿ ಹರಿದಿದ್ದರೆ ನಾನು ಈ ಕುರ್ಚಿಯಲ್ಲಿ ಕೂರೋಕೆ ಆಗ್ತಿರಲಿಲ್ಲ. ಅವರಿಗೆ ಎಷ್ಟು ಋಣಿ ಅಂತ ಹೇಳೋಕೆ ನನಗೆ ಬರಲ್ಲ" ಎನ್ನುತ್ತಾರೆ ಅಪೇಕ್ಷಾ. ಈಗ ಅವರ ಪುಸ್ತಕದಲ್ಲಿ ಜ್ವರಕ್ಕೆ ಎರಡು ಕಾಲಂ ಇವೆ: ಹುಳು, ಮನುಷ್ಯ. ಸರ್ಕಾರ ಎಂದರೆ ದೂರದ ಯಾವುದೋ ಕಟ್ಟಡ ಎಂದು ಗೊಣಗುವವನು ನಾನು. ಅದು ಟಾರ್ಚು ಕಚ್ಚಿಕೊಂಡು ನಮ್ಮ ಬೀದಿಯಲ್ಲೇ ಕೂತಿರುತ್ತದೆ ಎಂಬುದು ಇಷ್ಟು ವಯಸ್ಸಾದ ಮೇಲೆ ತಿಳಿಯಿತು.

ಎಂಟನೇ ವಾಲ್ವು ತಿರುಗುತ್ತದೆ. ಲಕ್ಷ್ಮೀನರಸಮ್ಮನ ಮನೆಯಿಂದ ತನುಶ್ರೀ ಎರಡು ಬಿಂದಿಗೆ ಹಿಡಿದು ಬರುತ್ತಾಳೆ. ಆವುಲಪ್ಪ ಕೇಳುವ ಮೊದಲೇ, "ಹುಳೂಗೆ ಕಣ್ ತಾತ, ನಂಗಲ್ಲ" ಎಂದು ನಗುತ್ತಾಳೆ. ಹಿಂದೆಯೇ ಬಂದ ಅಜ್ಜಿ ಅವರ ಕೈಗೊಂದು ಲೋಟ ಕಾಫಿ ಕೊಡುತ್ತಾರೆ. ಅಂದಿನಿಂದ ಒಂದು ದಿನವೂ ಇದು ತಪ್ಪಿಲ್ಲವಂತೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಹೊಸ ಕೀಲಿ ಕೇಳುತ್ತಾರೆಂದುಕೊಂಡಿದ್ದೆ, ಹಳೆಯದರ ಹಿಡಿಗೆ ಬಟ್ಟೆ ಸುತ್ತಿದೆ. ಅವರು ಕಾಫಿ ಮುಗಿಸಿ, ಲೋಟ ತೊಳೆದಿಟ್ಟು, ಒಂಬತ್ತನೇ ಗುಂಡಿಯ ಕಡೆ ನಡೆಯುತ್ತಾ ಹೇಳುತ್ತಾರೆ:

"ನೀರು ಬಿಡೋದು ಯಾರು ಬೇಕಾದ್ರೂ ಕಲೀತಾರೆ ಸಾರ್. ಇವತ್ತು ಯಾರು ಬಿಂದಿಗೆ ತರ್ಲಿಲ್ಲ ಅಂತ ನೋಡೋದೂ ನೀರುಗಂಟಿ ಕೆಲಸಾನೇ ಅಂತ, ನನ್ನ ನಂತ್ರ ಬರೋರಿಗೆ ಬರೆದಿಡಿ. ಅಷ್ಟು ಸಾಕು."