ಒಂಬತ್ತು ವರ್ಷ ಮುಚ್ಚಿದ್ದ ನಾಲ್ಕನೇ ಗೂಡು

ಗುರುವಾರ, ಬೆಳಗಿನ ಆರು ಗಂಟೆ. ಮಂಡಕಳ್ಳಿ ದಾರಿಯಲ್ಲಿ ಬಸ್ಸಿಳಿದು ಎಡಕ್ಕೆ ಹತ್ತು ನಿಮಿಷ ನಡೆದರೆ ಲಂಟಾನದ ಪೊದೆಗಳ ಆಚೆ ಒಂದು ಚಿಮಣಿ ಕಾಣುತ್ತದೆ. ಅದರ ಬುಡದಲ್ಲಿ ಚೆಲುವಯ್ಯ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಎರಡು ಕೈಯಲ್ಲಿ ಎರಡು ಹಳೆಯ ಇಟ್ಟಿಗೆ. ಒಂದಕ್ಕೊಂದು ತಟ್ಟುತ್ತಾರೆ, ಕಿವಿಗೊಡುತ್ತಾರೆ, ಬಲಕ್ಕೋ ಎಡಕ್ಕೋ ಇಡುತ್ತಾರೆ. ನಾನು ಬಂದು ಐದು ನಿಮಿಷವಾದರೂ ತಲೆ ಎತ್ತಿಲ್ಲ.

"ಟಣ್ ಅಂದ್ರೆ ಬೆಂದದೆ, ದಪ್ ಅಂದ್ರೆ ಇಲ್ಲ. ಅಷ್ಟೇ ಕಣ್ರೀ. ಇದ್ರಲ್ಲಿ ಬರಿಯಕ್ಕೆ ಏನದೆ?" ಎಂಬುದು ಅವರ ಮೊದಲ ಮಾತು.

ಅವರಿಗೀಗ ಅರವತ್ಮೂರು. ನಾಲ್ಕು ಗೂಡುಗಳ ಈ ಇಟ್ಟಿಗೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬೆಂಕಿ ನೋಡಿಕೊಂಡವರು. ೧೯೯೩ರಲ್ಲಿ ಕಾರ್ಖಾನೆ ಮುಚ್ಚಿತು. ಈಗ ೨೦೦೨. ಸೂರು ಹೋಗಿದೆ, ಮಣ್ಣು ಹದ ಮಾಡುವ ತೊಟ್ಟಿಯಲ್ಲಿ ಜಾಲಿ ಬೆಳೆದಿದೆ, ಆಫೀಸಿನ ಕಿಟಕಿಗಳನ್ನು ಯಾರೋ ಪುಣ್ಯಾತ್ಮರು ಚೌಕಟ್ಟು ಸಮೇತ ಹೊತ್ತೊಯ್ದಿದ್ದಾರೆ. ಉಳಿದಿರುವ ಗೋಡೆಗಳಿಂದ ಚೆಲುವಯ್ಯ ಎರಡು ವರ್ಷಗಳಿಂದ ಇಟ್ಟಿಗೆ ಬಿಡಿಸುತ್ತಿದ್ದಾರೆ. ಮಂಡಿ ಮೊಹಲ್ಲಾದ ಹಳೆಯ ಮನೆಗಳ ಗೋಡೆ ರಿಪೇರಿಗೆ ಹೊಸ ಇಟ್ಟಿಗೆಯ ಅಳತೆ ಕೂಡುವುದಿಲ್ಲ, ಇವೇ ಬೇಕು. ದಿನಕ್ಕೆ ಇನ್ನೂರೈವತ್ತು ಬಿಡಿಸಿದರೆ ನೂರೆಂಬತ್ತು ಅವರ ಕಿವಿಯ ಪರೀಕ್ಷೆಯಲ್ಲಿ ಪಾಸಾಗುತ್ತವೆ.

"ಚೆಲುವಯ್ಯ ಆರಿಸಿದ ಮೇಲೆ ನಾನು ಮತ್ತೆ ನೋಡಲ್ಲ" ಎನ್ನುತ್ತಾರೆ ಅವನ್ನು ಕೊಳ್ಳುವ ಗುತ್ತಿಗೆದಾರ ಬಿಂದುಮಾಧವ. ಬುತ್ತಿ ತಂದ ಹೆಂಡತಿ ಕೆಂಚಮ್ಮನವರಿಗೆ ಮಾತ್ರ ಈ ವಿದ್ಯೆಯ ಮೇಲೆ ಅಂಥ ಗೌರವವೇನೂ ಇಲ್ಲ. "ಮನೇಲೂ ಅಂಗೇ. ಮಡ್ಕೆ, ಚೊಂಬು, ಅಲಸಿನಣ್ಣು, ಎಲ್ಲಾನೂ ತಟ್ಟೇ ನೋಡದು. ನನ್ನೊಬ್ಳನ್ನ ಬುಟ್ಟವ್ರೆ."

ಬರುವ ಸೋಮವಾರ ಇಲ್ಲಿಗೆ ಬುಲ್ಡೋಜರ್ ಬರುತ್ತದೆ. ಜಾಗ ಸಮತಟ್ಟಾಗಿ ಬಡಾವಣೆಯಾಗಲಿದೆ. ಮೂರು ಗೂಡುಗಳನ್ನು ಚೆಲುವಯ್ಯ ಬರಿದು ಮಾಡಿದ್ದಾರೆ. ನಾಲ್ಕನೆಯದನ್ನು ಮುಟ್ಟಿಲ್ಲ. ಒಂಬತ್ತು ವರ್ಷದ ಹಿಂದೆ ಮಣ್ಣು ಮೆತ್ತಿ ಮುಚ್ಚಿದ ಅದರ ಬಾಯಿ ಹಾಗೇ ಇದೆ. ಏಕೆ ಎಂದರೆ "ಟೈಮ್ ಆಗ್ನಿಲ್ಲ" ಎನ್ನುತ್ತಾರೆ. ಎರಡು ವರ್ಷ ಟೈಮ್ ಆಗಲಿಲ್ಲ ಎಂದರೆ ನಂಬುವುದು ನನಗೂ ಸ್ವಲ್ಪ ಕಷ್ಟವೇ. ಕೆಂಚಮ್ಮ ಖಾಲಿ ಬುತ್ತಿ ಎತ್ತಿಕೊಂಡು ಹೋದ ಮೇಲೆ ವಿಷಯ ಹೊರಬರುತ್ತದೆ.

ಹಸಿ ಇಟ್ಟಿಗೆಯನ್ನು ಗೂಡಿನೊಳಗೆ ಜೋಡಿಸುವುದು ಒಬ್ಬನ ಕೆಲಸ, ಬೆಂಕಿ ನೋಡುವುದು ಇನ್ನೊಬ್ಬನದು. ಮೊದಲ ಮೂರು ದಿನ ಸಣ್ಣ ಬೆಂಕಿ. ಇಟ್ಟಿಗೆಯಲ್ಲಿರುವ ನೀರೆಲ್ಲ ಹಬೆಯಾಗಿ ಹೋಗಬೇಕು. ಕಿಂಡಿಯೊಳಗೆ ತಣ್ಣನೆಯ ಕಬ್ಬಿಣದ ಸರಳು ತೂರಿಸಿ ತೆಗೆದು ನೋಡುತ್ತಾರೆ. ಅದರ ಮೇಲೆ ಹನಿ ಕಟ್ಟದಿದ್ದರೆ ಮಾತ್ರ ದೊಡ್ಡ ಬೆಂಕಿ.

ಶನಿವಾರ ಕಾರ್ಖಾನೆ ಮುಚ್ಚುತ್ತದೆಂದು ಗೇಟಿಗೆ ನೋಟಿಸು ಅಂಟಿಸಿದ ವಾರ ನಾಲ್ಕನೇ ಗೂಡು ತುಂಬಿತ್ತು. ಜೋಡಿಸಿದವರು ಪುಟ್ಟಸ್ವಾಮಿ, ಚೆಲುವಯ್ಯನವರ ಗೆಳೆಯ, ದಿನಾ ಒಟ್ಟಿಗೆ ಕೂತು ಉಂಡವರು. ದೊಡ್ಡ ಬೆಂಕಿ ಕೊಟ್ಟ ಸ್ವಲ್ಪ ಹೊತ್ತಿಗೆ ಒಳಗಿನಿಂದ ಪಟಪಟ ಸದ್ದು ಬಂತು. 'ಜೋಡಣೆ ಸೊಟ್ಟ ಆಗೋಯ್ತು, ಸಾಲು ಬಿದ್ದೋಯ್ತು' ಎಂದು ಚೆಲುವಯ್ಯ ಎಲ್ಲರೆದುರು ಹೇಳಿಬಿಟ್ಟರು. ಶನಿವಾರ ಗೇಟಿಗೆ ಬೀಗ ಬಿತ್ತು. ಗೂಡಿನ ಬಾಯಿಯನ್ನು ಬೆಂಕಿ ಇಟ್ಟವನೇ ಕಾಯಿ ಒಡೆದು ತೆರೆಯಬೇಕು ಎಂಬುದು ಇಲ್ಲಿಯ ಕಟ್ಟಳೆ, ಹಾಗಾಗಿ ಬೇರೆ ಕೆಲಸಗಾರರು ಯಾರೂ ಮುಟ್ಟಲಿಲ್ಲ. ಮಾತು ಮಾತ್ರ ಸುತ್ತಲಿನ ಗೂಡುಗಳಿಗೆಲ್ಲ ತಲುಪಿತು. ಸಾಲು ಬೀಳಿಸಿದವನೆಂದು ಪುಟ್ಟಸ್ವಾಮಿಯನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅವರೀಗ ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಗೇಟು ಕಾಯುತ್ತಾರೆ. ಒಂಬತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

"ನಿಜವಾಗಿ ಬಿದ್ದಿತ್ತಾ?" ಎಂದು ಕೇಳುತ್ತೇನೆ.

"ತೆಗುದ್ರೆ ಗೊತ್ತಾಯ್ತದೆ. ಸಾಲು ಬಿದ್ದಿದ್ರೆ ಅವನ ತಪ್ಪು. ಸಾಲು ನಿಂತು ಇಟ್ಗೆ ಸೀಳಿದ್ರೆ ಬೆಂಕಿ ಅವಸರ ಆಯ್ತು ಅಂತ. ಆಗ ನಂದು."

"ಅವಸರ ಮಾಡಿದ್ರಾ?"

ಚೆಲುವಯ್ಯ ಎದ್ದು ಹೋಗಿ ಗೋಡೆಯ ಮೂಲೆಯಿಂದ ಒಂದು ಕೈಚೀಲ ತರುತ್ತಾರೆ. ಅದರಲ್ಲೊಂದು ತೆಂಗಿನಕಾಯಿ. ತಂದು ನಾಲ್ಕು ದಿನವಾಯಿತಂತೆ, ಒಡೆಯಲು ಕೈ ಬಂದಿಲ್ಲ. ಪತ್ರಿಕೆಯವನೊಬ್ಬ ಎದುರಿಗಿದ್ದಾನೆ, ಇನ್ನು ಹಿಂದೆ ಸರಿಯುವಂತಿಲ್ಲ ಎನಿಸಿರಬೇಕು. ಕಾಯಿ ಒಡೆದು ಹಾರೆ ಹಾಕುತ್ತಾರೆ. ಒಣಗಿದ ಮಣ್ಣು ಸುಲಭವಾಗಿ ಉದುರುತ್ತದೆ. ಅರ್ಧ ಗಂಟೆಯಲ್ಲಿ ಒಬ್ಬರು ತೂರುವಷ್ಟು ಜಾಗವಾಗಿ ಬೆಳಕು ಒಳಗೆ ಹೋಗುತ್ತದೆ.

ಸಾಲುಗಳು ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳ ಹಾಗೆ ನೆಟ್ಟಗೆ ನಿಂತಿವೆ. ಒಂದೂ ವಾಲಿಲ್ಲ. ಇಟ್ಟಿಗೆಗಳ ಮೈ ಮಾತ್ರ ಸೀಳಿ, ಚಕ್ಕೆ ಎದ್ದು, ಕೆಳಗೆಲ್ಲ ಚೂರು ಹರಡಿದೆ. ಚೆಲುವಯ್ಯ ಮೇಲಿನಿಂದ ಎರಡು ತೆಗೆದು ತಟ್ಟುತ್ತಾರೆ. ದಪ್. ಇನ್ನೆರಡು. ದಪ್.

"ಸರಳಿನ ಮ್ಯಾಲೆ ಅನಿ ಇತ್ತು" ಎನ್ನುತ್ತಾರೆ ನನ್ನ ಕಡೆ ನೋಡದೆ. "ನೋಡ್ದೆ. ಟವಲ್ನಲ್ಲಿ ಒರೆಸ್ಬುಟ್ಟೆ. ಶನಿವಾರದೊಳಗೆ ಕಡೇ ಗೂಡು ಬೆಂದ್ಬುಡ್ಲಿ ಅಂತ ಆಸೆ. ಎಲ್ಡೇ ದಿನಕ್ಕೆ ದೊಡ್ಡ ಬೆಂಕಿ ಕೊಟ್ಬುಟ್ಟೆ. ಸದ್ದು ಬಂದಾಗ್ಲೇ ನಂಗೆ ಗೊತ್ತಾಯ್ತು. ಬಾಯಿ ಅವನ ಎಸ್ರು ಹೇಳ್ಬುಡ್ತು."

ನನಗೆ ಸಿಟ್ಟು ಬರುತ್ತದೆ. ಒಬ್ಬ ಕಸುಬುದಾರ ಒಂಬತ್ತು ವರ್ಷ ಗೇಟು ಕಾದದ್ದು ಈ ಒಂದು ಮಾತಿನಿಂದ. ಮಣ್ಣಾದ ಕೈ ಇಳಿಬಿಟ್ಟು ನಿಂತ ಮುದುಕನನ್ನು ನೋಡಿದರೆ ಪಾಪ ಎಂದೂ ಅನಿಸುತ್ತದೆ. ಎರಡನ್ನೂ ಹೇಳದೆ, ಚಿಮಣಿಯ ಮುಂದೆ ಒಂದು ಫೋಟೊ ತೆಗೆಯಲೇ ಎಂದು ಕೇಳುತ್ತೇನೆ.

"ನಂದು ಬ್ಯಾಡ" ಎನ್ನುತ್ತಾರೆ. "ಈ ಸಾಲಿಂದು ತೆಗೀರಿ. ಕೆಳಗೆ ಬರೀರಿ, ಜೋಡ್ಸಿದ್ದು ಪುಟ್ಟಸ್ವಾಮಿ, ಒಂದೂ ಬಿದ್ದಿಲ್ಲ ಅಂತ. ಕೆಡಿಸ್ದೋನು ಚೆಲುವಯ್ಯ ಅಂತಾನೂ ಬರೀರಿ. ನಾ ಹೇಳಕ್ಕೋದ್ರೆ ಅವ ಕೇಳಕ್ಕಿಲ್ಲ. ಪೇಪರ್ ಆದ್ರೆ ಓದ್ತಾನೆ."

ಗೂಡಿನ ಬಾಯಿಗೆ ಅಡ್ಡಲಾಗಿ ಒಂದು ತಗಡು ಎಳೆದು ಇಡುತ್ತಾರೆ. ಆಮೇಲೆ ಕೇಳುತ್ತಾರೆ: "ನೀವು ಬರ್ದಿದ್ದು ಪೇಪರ್ನಲ್ಲಿ ಭಾನುವಾರ ಬರ್ತದಲ್ವಾ? ಸೋಮವಾರದ ತನ್ಕ ನಾ ಮುಟ್ಟಕ್ಕಿಲ್ಲ. ಬಂದು ನೋಡ್ಲಿ. ಅವ ಎಂಗೆ ಜೋಡ್ಸಿದ್ನೋ ಅಂಗೇ ಅದೆ."