ಹತ್ತನೆಯವರನ್ನು ಕರೆತಂದ ಶನಿವಾರ

ಹೋದ ವಾರ ರಾಟರ್‌ಡ್ಯಾಮಿನ ತುರ್ಕಿ ಅಂಗಡಿಯಿಂದ ತಂದ ಲವಂಗದ ಪೊಟ್ಟಣ ಬಿಚ್ಚಿದೆ. ಬಿರಿಯಾನಿಗೆಂದು ತಂದದ್ದು. ಘಮ ಮೂಗಿಗೆ ಬಡಿದದ್ದೇ ತಡ, ನೆನಪಾದದ್ದು ಚನ್ನಪಟ್ಟಣದ ನಮ್ಮ ಅಡುಗೆಮನೆಯಲ್ಲ, ಹತ್ತು ವರ್ಷದ ಹಿಂದಿನ ಪಕ್ಕದ ಮನೆ. ಅಲ್ಲಿ ಶನಿವಾರ ಕತ್ತಲು ಕವಿಯುತ್ತಿದ್ದಂತೆ ಮನೆಮಂದಿಯೆಲ್ಲ ಸುತ್ತ ನಿಂತು, ಬೆಳ್ಳಿಯ ಡಬ್ಬಿಯಲ್ಲಿದ್ದ ಲವಂಗವನ್ನು ಒಬ್ಬೊಬ್ಬರಾಗಿ ಮೂಸಿ, ಮುಗಿದುಹೋದ ಸಬ್ಬತ್ತನ್ನು, ತಮ್ಮ ಪವಿತ್ರ ವಿಶ್ರಾಂತಿಯ ದಿನವನ್ನು, ಬೀಳ್ಕೊಡುತ್ತಿದ್ದರು. ವಾರದ ಒಂದು ದಿನಕ್ಕೆ ಇಷ್ಟೊಂದು ಮರ್ಯಾದೆಯೇ ಎಂದು ನಾನು ಕಣ್ಣರಳಿಸಿ ನೋಡುತ್ತಿದ್ದೆ...

ಆಗ ನಾನು ಡಚ್ಚರ ಈ ನಾಡಿನ ಎನ್ಸ್‌ಕೆಡೆ ನಗರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಬಾಡಿಗೆ ಅಗ್ಗವೆಂದು ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ಸಣ್ಣ ಊರಿನಲ್ಲಿ, ಗದಗಿನ ಗೆಳೆಯನೊಬ್ಬನ ಜೊತೆ ಮನೆ ಹಿಡಿದಿದ್ದೆ. ಪಕ್ಕದ ಮನೆಯವರು ಆ ಊರಿನ ಯಹೂದಿಗಳ ಗುರು, ರಬ್ಬಿಗಳು. ಗಂಡ, ಹೆಂಡತಿ, ಮೂವರು ಹೆಣ್ಣುಮಕ್ಕಳು. ನಾನು ಮುಸಲ್ಮಾನ ಎಂದು ತಿಳಿದ ದಿನ ಆ ತಾಯಿ ಬೇಲಿಯ ಮೇಲಿಂದ ಒಂದು ತಟ್ಟೆ ಕೊಟ್ಟರು. ಅವರು ಇಂಗ್ಲಿಷಿನಲ್ಲಿ ಆಡಿದ ಮಾತು ಯಾಕೋ ನನ್ನ ಕಿವಿಯಲ್ಲಿ ಕನ್ನಡದಲ್ಲೇ ಉಳಿದುಬಿಟ್ಟಿದೆ.

"ನಮ್ಮನೇಲಿ ಹಂದಿ ಬರಲ್ಲಪ್ಪ. ಇದ್ರಲ್ಲಿ ಏನ್ ಹಾಕಿದೀರ ಅಂತ ಕೇಳ್ದೇನೇ ತಿನ್ಬಹುದು ನೀನು."

ಅಂಗಡಿಯ ಡಬ್ಬಿಗಳ ಹಿಂದಿನ ಸಣ್ಣ ಅಕ್ಷರ ಓದಿ ಓದಿ ಬೇಸತ್ತಿದ್ದ ನನಗೆ ಅಳು ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅವರ ಪ್ರಾರ್ಥನಾ ಮಂದಿರ ನಮ್ಮ ಬೀದಿಯ ಕೊನೆಯಲ್ಲಿತ್ತು. ಎರಡನೇ ಮಹಾಯುದ್ಧಕ್ಕೆ ಮುಂಚೆ ತುಂಬಿ ತುಳುಕುತ್ತಿತ್ತಂತೆ. ನಾನು ಕಂಡಾಗ ವಯಸ್ಸಾದ ಒಂದಿಷ್ಟು ಜನ ಉಳಿದಿದ್ದರು. ಬೀರುವಿನಲ್ಲಿರುವ ಧರ್ಮಗ್ರಂಥದ ಸುರುಳಿಯನ್ನು ಹೊರತೆಗೆದು ಓದಬೇಕಾದರೆ ಹತ್ತು ಮಂದಿ ಗಂಡಸರು ಸೇರಲೇಬೇಕು. ಒಂಬತ್ತು ಜನ ಬಂದರೆ ಸುರುಳಿ ಹೊರಗೆ ಬರುವಂತಿಲ್ಲ. ರಬ್ಬಿಗಳೂ ಸೇರಿ ಅಲ್ಲಿದ್ದದ್ದು ಸರಿಯಾಗಿ ಹತ್ತೇ ಜನ.

ಹೆಣ್ಣುಮಕ್ಕಳು ದೊಡ್ಡವರಾಗುತ್ತಿದ್ದರು, ಅವರ ಧರ್ಮದ ಶಾಲೆ ಆ ಸುತ್ತಿನಲ್ಲಿ ಎಲ್ಲೂ ಇರಲಿಲ್ಲ. ತಮ್ಮಲ್ಲಿಗೆ ಗುರುವಾಗಿ ಬನ್ನಿ ಎಂದು ಬೇರೆ ದೇಶದ ಊರೊಂದರಿಂದ ಕರೆ ಬಂದಿತ್ತು. ತಾವು ಹೊರಟರೆ ಇಲ್ಲಿ ಒಂಬತ್ತೇ ಜನ ಉಳಿಯುತ್ತಾರೆಂದು ರಬ್ಬಿಗಳು ಎರಡು ವರ್ಷ ಮೀನ ಮೇಷ ಎಣಿಸಿದರು. ಕೊನೆಗೆ ಹೊರಡುವುದೆಂದು ನಿಶ್ಚಯವಾದಾಗ ಅವರಿಗಿದ್ದದ್ದು ಒಂದೇ ಆಸೆ. ಕೊನೆಯ ಸಬ್ಬತ್ತಿನಂದು ಸುರುಳಿ ತೆರೆದು ಓದಿ, ತಮ್ಮವರ ಎದುರು ನಿಂತು ಹೋಗಿಬರುತ್ತೇನೆ ಅನ್ನಬೇಕು.

ಆ ವಾರವೇ ಆ ಹತ್ತರಲ್ಲಿ ಒಬ್ಬರಾದ ಮುದುಕರು ಜಾರಿಬಿದ್ದು ಕಾಲು ಮುರಿದುಕೊಂಡರು. ಬಾಲ್ಯದಲ್ಲಿ ರೈತನೊಬ್ಬನ ಹುಲ್ಲಿನ ಅಟ್ಟದಲ್ಲಿ ಅಡಗಿ ಯುದ್ಧ ಕಳೆದವರು. ಎರಡು ಬೀದಿಯಾಚೆ ಒಂಟಿಯಾಗಿದ್ದರು.

ಶನಿವಾರ ಬೆಳಿಗ್ಗೆ ನಾನು ಬಾಗಿಲ ಮುಂದೆ ಕೂತು ಸೈಕಲ್ ಚೈನಿಗೆ ಎಣ್ಣೆ ಹಾಕುತ್ತಿದ್ದೆ. ಸಬ್ಬತ್ ದಿನ ಅವರು ದೀಪ ಹಚ್ಚುವುದಿಲ್ಲ, ಬೀದಿಯಲ್ಲಿ ವೀಲ್‌ಚೇರ್ ಕೂಡ ತಳ್ಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ತಾವು ಮಾಡಬಾರದ ಕೆಲಸವನ್ನು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳುವುದೂ ತಪ್ಪು, ಅದರಲ್ಲೂ ಈ ರಬ್ಬಿಗಳ ಮನೆಯಲ್ಲಿ ಆ ವಿಷಯ ಬಲು ಕಟ್ಟುನಿಟ್ಟು ಎಂಬುದು ಮಾತ್ರ ಗೊತ್ತಿರಲಿಲ್ಲ. ಮಂದಿರಕ್ಕೆ ಹೊರಟಿದ್ದ ಆ ತಾಯಿ ನನ್ನನ್ನು ಕಂಡು ನಿಂತರು.

"ತಾತ ನಿನ್ನೆ ಸಾಯಂಕಾಲ ಆಸ್ಪತ್ರೆಯಿಂದ ಬಂದ್ರು. ಬೆಳಿಗ್ಗೇನೇ ಕೋಟು ಹಾಕ್ಕೊಂಡು ವೀಲ್‌ಚೇರಲ್ಲಿ ಕಿಟಕಿ ಹತ್ರ ಕೂತಿದಾರಂತೆ."

"ಹೌದಾ? ಒಳ್ಳೇದಾಯ್ತು ಬಿಡಿ," ಅಂದೆ.

ಅವರು ಇನ್ನೂ ನಿಂತೇ ಇದ್ದರು. "ಇವತ್ತು ಸುರುಳಿ ಹೊರಗೆ ಬರಲ್ಲ ಅನ್ಸುತ್ತೆ..."

"ಅಯ್ಯೋ, ಹೌದಾ," ಎಂದು ನಾನು ಮತ್ತೆ ಚೈನು ತಿರುಗಿಸತೊಡಗಿದೆ. ಅವರು ಸ್ವಲ್ಪ ಹೊತ್ತು ನೋಡಿ, ಮಕ್ಕಳ ಕೈ ಹಿಡಿದು ನಡೆದರು.

ಮೇಲಿನ ಕಿಟಕಿಯಿಂದ ಗದಗಿನ ಗೆಳೆಯ ಕೂಗಿದ: "ಲೇ ಹುಚ್ಚಾ, ಅವ್ರು ನಿನಗ ಕೆಲಸ ಹೇಳ್ಯಾರ! ಇವತ್ತ ಬಾಯಿಬಿಟ್ಟು ಹೇಳಂಗಿಲ್ಲೋ ಏನೋ. ನಮ್ಮ ಆಯಿನೂ ಹಿಂಗ. 'ಕೊಡ ಖಾಲಿ ಆಗೇತಿ' ಅಂತಿದ್ಲು, ನೀರು ತಾ ಅಂತ ಎಂದೂ ಅಂದಾಕಿ ಅಲ್ಲ. ಓಡು!"

ಎಣ್ಣೆಯ ಕೈಯಲ್ಲೇ ಓಡಿದೆ. ಮುದುಕರು ಬಾಗಿಲು ತೆರೆದಿಟ್ಟುಕೊಂಡೇ ಕಾಯುತ್ತಿದ್ದರು. ನನ್ನನ್ನು ಕಂಡು ಮಡಿಲಲ್ಲಿದ್ದ ಟೋಪಿ ತಲೆಗಿಟ್ಟುಕೊಂಡರು. ಇಟ್ಟಿಗೆ ಹಾಸಿದ ಬೀದಿಯಲ್ಲಿ ಗಾಲಿಗಳು ಕಟಕಟ ಅನ್ನುತ್ತಿದ್ದವು. ಎಲ್ಲಿ ತಡವಾಗುತ್ತದೋ ಎಂದು ನಾನು ವೀಲ್‌ಚೇರನ್ನು ಬಿರುಸಾಗಿ ತಳ್ಳಿದೆ.

ಮಂದಿರದ ಮೆಟ್ಟಿಲ ಮೇಲೆ ನಿಂತಿದ್ದ ರಬ್ಬಿಗಳು ನಮ್ಮನ್ನು ಕಂಡು ಕಣ್ಣು ಮುಚ್ಚಿಕೊಂಡರು. ಯಾರೋ ನನ್ನ ತಲೆಗೂ ಒಂದು ಟೋಪಿ ಇಟ್ಟರು. ನಾನು ಬಾಗಿಲ ಬಳಿ ನಿಂತೆ. ಬೀರುವಿನ ಪರದೆ ಸರಿಯಿತು, ಸುರುಳಿಯ ತುದಿಗೆ ಸಿಕ್ಕಿಸಿದ್ದ ಬೆಳ್ಳಿಯ ಗೆಜ್ಜೆಗಳು ಸದ್ದು ಮಾಡಿದವು, ಸುರುಳಿ ಹೊರಗೆ ಬಂತು. ಖಾಲಿ ಬೆಂಚುಗಳ ನಡುವೆ ಹತ್ತು ಜನರ ದನಿ ಎದ್ದಾಗ ನನ್ನ ಮೈ ಜುಮ್ಮೆಂದಿತು. ಅಂಥ ಪ್ರಾರ್ಥನೆಯನ್ನು ನಾನು ಎಲ್ಲೂ ಕೇಳಿಲ್ಲ, ನಮ್ಮೂರ ಈದ್ಗಾದಲ್ಲೂ ಇಲ್ಲ.

ರಬ್ಬಿಗಳು ಭಾಷಣ ಮಾಡಲಿಲ್ಲ. ಒಬ್ಬೊಬ್ಬರ ಬಳಿಗೂ ಹೋಗಿ ಕೈ ಹಿಡಿದರು. ಮುದುಕರ ಎದುರು ಬಂದಾಗ ತಲೆ ಎತ್ತಲಾಗಲಿಲ್ಲ ಅವರಿಗೆ. ಮುದುಕರು ಡಚ್ಚಿನಲ್ಲಿ ಆಡಿದ ಮಾತು ನನಗೂ ಅರ್ಥವಾಯಿತು.

"ಹೋಗಿ. ಮಕ್ಕಳು ಓದ್ಲಿ. ಸುರುಳಿ ಒಳಗೇ ಇರುತ್ತೆ, ನಾವು ಒಂಬತ್ತು ಜನ ಅದರ ಎದುರಿಗೆ ಕೂತ್ಕೋತೀವಿ."

ಹೇಳಿದಂತೆಯೇ ನಡೆದುಕೊಂಡರು. ನಾನು ಆ ಊರು ಬಿಡುವವರೆಗೂ ಪ್ರತಿ ಶನಿವಾರ ಅವರು ಮಂದಿರಕ್ಕೆ ನಡೆಯುವುದನ್ನು ನೋಡಿದ್ದೇನೆ. ಮೊದಲು ಒಂಬತ್ತು ಜನ, ಆಮೇಲೆ ಏಳು...

ಮೊನ್ನೆ ಆ ತಾಯಿಗೆ ಫೋನ್ ಮಾಡಿದೆ. ರಬ್ಬಿಗಳು ತೀರಿಕೊಂಡು ಎರಡು ವರ್ಷವಾಯಿತಂತೆ. ಇಷ್ಟು ದಿನ ಯಾಕೆ ವಿಚಾರಿಸಲಿಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಅವರೇ ಸಮಾಧಾನ ಹೇಳಿ, ಹಳೆಯ ಊರಿನ ಸುದ್ದಿ ತೆಗೆದರು. ಮಂದಿರಕ್ಕೆ ಈಗ ಬೀಗ ಬಿದ್ದಿದೆ. ಮುಚ್ಚುವ ಮುಂಚಿನ ಚಳಿಗಾಲದಲ್ಲಿ ಬರುತ್ತಿದ್ದವರು ಇಬ್ಬರೇ. ಸುರುಳಿಯನ್ನು ಅಷ್ಟರಲ್ಲಾಗಲೇ ಬೇರೆ ಊರಿನವರಿಗೆ ಕೊಟ್ಟಾಗಿತ್ತು. ಆದರೂ ಶನಿವಾರ ಬೆಳಿಗ್ಗೆ ಇಬ್ಬರೂ ಬಂದು, ಖಾಲಿ ಬೀರುವಿನ ಎದುರು ಕೂತು ಹೋಗುತ್ತಿದ್ದರಂತೆ.