ಬಾಲ ಕತ್ತರಿಸಬೇಡಿ ಎಂದ ಹುಲ್ಲಕ್ಕ

ಬೆಳಗಿನ ಐದೂಮುಕ್ಕಾಲು. ಬೆಟ್ಟದ ನೆತ್ತಿಯಲ್ಲಿ ಗಾಳಿ ಇನ್ನೂ ಎದ್ದಿಲ್ಲ. ಗೋಣಿಚೀಲದ ಮೇಲೆ ಮಂಡಿಯೂರಿ ಕುಳಿತ ಹೆಂಗಸೊಬ್ಬರು, ಮಗುವಿನ ತಲೆಯಿಂದ ಹೇನು ತೆಗೆಯುವಷ್ಟು ನಾಜೂಕಾಗಿ ಹುಲ್ಲಿನ ತೆನೆಯಿಂದ ಬೀಜ ಬಿಡಿಸಿ ಕಾಗದದ ಪೊಟ್ಟಣಕ್ಕೆ ಹಾಕುತ್ತಾರೆ. “ಬಿಸಿಲೇರಿದ್ರೆ ಗಾಳಿ ಬರುತ್ತೆ. ಆಮೇಲೆ ಒಂದು ಬೀಜನೂ ಕೈಗೆ ಸಿಗಲ್ಲ,” ಎನ್ನುತ್ತಾರೆ, ತಲೆಯೆತ್ತದೆ.

ಈ ಹುಲ್ಲು ಇರುವುದು ಇದೊಂದೇ ಬೆಟ್ಟದ ಮೇಲೆ, ಎರಡು ಆಟದ ಮೈದಾನದಷ್ಟು ಜಾಗದಲ್ಲಿ. ಅದನ್ನು ಕಾಯುವ ಐವತ್ತೆರಡರ ಈ ದಿನಗೂಲಿ ಕೆಲಸಗಾರ್ತಿಗೆ ಊರವರು ಗೇಲಿಗೆಂದು ಇಟ್ಟ ಹೆಸರು ಹುಲ್ಲಕ್ಕ. ಈಗ ಅದೇ ನಿಂತಿದೆ.

ಹದಿಮೂರು ವರ್ಷದ ಹಿಂದೆ ಇದೇ ಹುಲ್ಲನ್ನು ಕೊಯ್ದು, ಹೊರೆ ಕಟ್ಟಿ ಮಾರುತ್ತಿದ್ದವರೂ ಅವರೇ. ಒಂದು ದಿನ ಸಸ್ಯ ಸಂಶೋಧಕಿಯೊಬ್ಬರು ದಾರಿಗೆ ಅಡ್ಡ ನಿಂತು, “ಇದು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲಮ್ಮಾ,” ಎಂದರು. ಹುಲ್ಲಕ್ಕ ನೆನೆಯುತ್ತಾರೆ: “ನನ್ನ ಕುಡುಗೋಲು ಅದೆಷ್ಟು ತಿಂದಿತ್ತೋ! ಅವತ್ತು ಊಟ ಸೇರ್ಲಿಲ್ಲ.” ಮಾರನೇ ದಿನವೇ ಸಂಶೋಧಕಿಯ ಸಸಿಮನೆಗೆ ಹೋಗಿ ಕೆಲಸ ಕೇಳಿದರು. ಅತ್ತೆಗೆ ಮಾತ್ರ ನಗು: “ಮನೇಲಿ ಒಂದು ಹಸು ಇಲ್ಲ, ನನ್ನ ಸೊಸೆಗೆ ಹುಲ್ಲಿನದೇ ಚಿಂತೆ!”

ಕೆಲಸ ಸಿಕ್ಕಿತು, ಹುಲ್ಲು ಮಾತ್ರ ಹಟ ಹಿಡಿಯಿತು. ನೂರು ಬೀಜ ಬಿತ್ತಿದರೆ ಮೊಳೆಯುತ್ತಿದ್ದುದು ಎರಡೋ ಮೂರೋ. ನಾಲ್ಕು ವರ್ಷ ಇದೇ ಪಾಡು. ಒಂದೊಂದು ಬೀಜಕ್ಕೂ ಬೆರಳುದ್ದದ, ಹುರಿಗೊಂಡ ಬಾಲವಿರುತ್ತದೆ. ಒಂದಕ್ಕೊಂದು ಸಿಕ್ಕಾಗುತ್ತವೆಂದು ಸಸಿಮನೆಯಲ್ಲಿ ಅದನ್ನು ಕತ್ತರಿಸಿಯೇ ಬಿತ್ತುತ್ತಿದ್ದರು. ಆದರೆ ಬೆಟ್ಟದ ಮೇಲೆ ಇಬ್ಬನಿ ತಾಗಿದೊಡನೆ ಆ ಬಾಲದ ಹುರಿ ಬಿಚ್ಚಿಕೊಂಡು, ಬೀಜ ತಿರುಪಿನ ಮೊಳೆಯಂತೆ ಮಣ್ಣಿಗಿಳಿಯುವುದನ್ನು ಹುಲ್ಲಕ್ಕ ಕಣ್ಣಾರೆ ಕಂಡಿದ್ದರು.

“ಬಾಲ ಕತ್ತರಿಸ್ಬೇಡಿ,” ಎಂದದ್ದಕ್ಕೆ ಸಸಿಮನೆಯ ಮೇಸ್ತ್ರಿ ನಕ್ಕ. “ಬಾಲ ಇಟ್ಕೊಂಡು ಗಾಳಿಪಟ ಹಾರಿಸ್ತೀಯಾ ಅಕ್ಕಾ?”

ಹುಲ್ಲಕ್ಕ ವಾದಕ್ಕಿಳಿಯಲಿಲ್ಲ. ಒಂದು ತಟ್ಟೆಯಲ್ಲಿ ಮಣ್ಣು ಹರವಿ, ಬಾಲವಿದ್ದ ಬೀಜ ಇಟ್ಟು, ನೀರು ಚಿಮುಕಿಸಿ ಎಲ್ಲರನ್ನೂ ಕರೆದರು. ನೋಡನೋಡುತ್ತಲೇ ಬೀಜಗಳು ಮೆಲ್ಲಗೆ ಸುತ್ತತೊಡಗಿದವು. ನೋಡಲು ಬಗ್ಗಿದ ಮೇಸ್ತ್ರಿ ಬಹಳ ಹೊತ್ತು ಮೇಲೇಳಲೇ ಇಲ್ಲ. ಆ ಸಲ ಬಾಲ ಸಮೇತ ಬಿತ್ತಿದರು; ನೂರಕ್ಕೆ ಮೂವತ್ತೆಂಟು ಮೊಳೆತವು.

ಸಂಶೋಧಕಿಯ ವರದಿಯಲ್ಲಿ ಬಾಲದ ಸಂಗತಿ ಇದೆ, ಹುಲ್ಲಕ್ಕನ ಹೆಸರಿಲ್ಲ. ಬೇಸರವಿಲ್ಲವೇ ಎಂದರೆ, “ಮೊದಲು ಒಂಚೂರು ಚುಚ್ಚಿತು, ಸುಳ್ಳು ಯಾಕೆ ಹೇಳ್ಲಿ,” ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. “ಹೋಗ್ಲಿ ಬಿಡಿ. ನನ್ನ ಹೆಸರು ಹಿಡಿದು ಕೂಗೋಕೆ ಮನೇಲಿ ಅತ್ತೆ ಇದ್ದಾರಲ್ಲ!”

ದಿನವೂ ಒಂದೂವರೆ ಗಂಟೆಯ ಏರುದಾರಿ. ಮಂಡಿ ಊದಿಕೊಂಡಿದೆ, ಹುಲ್ಲಿನ ಗರಿಯ ಅಂಚು ಕೊಯ್ದ ಗೀರು ಬೆರಳ ತುಂಬ. ವರ್ಷಕ್ಕೊಮ್ಮೆ ಹುಲ್ಲಿನ ಒಂದೊಂದು ಬುಡಕ್ಕೂ ದಾರ ಕಟ್ಟುತ್ತಾ ಮೂರು ದಿನ ಎಣಿಸುತ್ತಾರೆ. ಶುರುವಿನಲ್ಲಿ ಇದ್ದದ್ದು ನೂರ ಅರವತ್ತಮೂರು ಬುಡ, ಈಗ ನಾನೂರ ಹನ್ನೆರಡು. ಅವುಗಳಲ್ಲಿ ತೊಂಬತ್ತು, ಆಚೆ ಇಳಿಜಾರಿನಲ್ಲಿ ಅವರೇ ನೆಟ್ಟವು. ಈ ವರ್ಷ ಮೊದಲ ಸಲ ತೆನೆ ಬಿಟ್ಟಿವೆ.

ಇನ್ನೇನು ಆಸೆ ಎಂದು ಕೇಳಿದರೆ ಆ ಇಳಿಜಾರಿನತ್ತ ಕೈ ತೋರಿಸುತ್ತಾರೆ.

“ಎಣಿಸ್ತಾ ಎಣಿಸ್ತಾ ಒಂದು ವರ್ಷ ನಂಗೆ ಲೆಕ್ಕ ತಪ್ಪಿಹೋಗ್ಬೇಕು. ಅಷ್ಟಿರ್ಬೇಕು.”